ಮನೆತಿಂಡಿ ಮಾರುವವರಿಗೂ ಕೊಳ್ಳುವವರಿಗೂ

ಮನೆಯಲ್ಲೇ ಮಾಡಿದ್ದು ಅಂದಕೂಡಲೇ ಹಿಂದೆಮುಂದೆ ನೋಡದೆ ಚಕ್ಕುಲಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಕೊಂಡುಬಿಡುತ್ತೇವೆ. ಕೈರುಚಿ ಸರಿ; ಆದರೆ ಕಾದು ಕಾದು ಕಪ್ಪಾದ ಎಣ್ಣೆ ಮನೆಯದಾದರೂ ಕೆಟ್ಟದ್ದೇ.

ಮಾರುವ ಅಕ್ಕಂದಿರೇ, 2006ರ ಆಹಾರ ಸುರಕ್ಷತಾ ಕಾಯ್ದೆ ನಿಮ್ಮ ಅಡುಗೆಮನೆಗೂ ಅನ್ವಯಿಸುತ್ತದೆ. ಗಾಬರಿ ಬೇಡ, ಸಣ್ಣ ವಹಿವಾಟಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು. ವರ್ಷದ ಶುಲ್ಕ 100 ರೂಪಾಯಿ, ಅರ್ಜಿ ಆನ್‌ಲೈನ್‌ನಲ್ಲೇ. (ಏಜೆಂಟರು ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.) ಸಿಗುವ 14 ಅಂಕಿಯ ಸಂಖ್ಯೆಯನ್ನು ಪ್ಯಾಕೆಟ್ ಮೇಲೆ ಹಾಕಿ, ತಯಾರಿಸಿದ ದಿನಾಂಕವನ್ನೂ ಬರೆಯಿರಿ. ಉಪ್ಪಿನಕಾಯಿ ತುಂಬುವ ಬಾಟಲಿಯನ್ನು ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ತಳದಲ್ಲಿ ನೀರಿನ ಪಸೆ ಉಳಿದರೆ ಬೂಷ್ಟು ಹಿಡಿಯುತ್ತದೆ.

ಕೊಳ್ಳುವವರೇ, ಪರಿಚಯದವರ ಹತ್ತಿರವಾದರೂ ‘ಯಾವತ್ತು ಮಾಡಿದ್ದು?’ ಎಂದು ಕೇಳಲು ಸಂಕೋಚಪಡಬೇಡಿ.