ಹಿತ್ತಲ ಮಣ್ಣನ್ನು ಬರಿಮೈಯಲ್ಲಿ ಬಿಡಬೇಡ

ಬೆಂಡೆ, ಸೋರೆ ಕಿತ್ತಾಯಿತು, ಇನ್ನು ಯುಗಾದಿವರೆಗೆ ಹಿತ್ತಲಿಗೆ ರಜೆ ಅಂದೆಯಲ್ಲ ಮಗಾ, ರಜೆ ನಿನಗಿರಲಿ. ಮಣ್ಣಿಗೆ ಈಗಲೇ ಕೆಲಸ. ನಮ್ಮ ಮೈಸೂರು ಸೀಮೆಯ ಕೆಂಪು ಮಣ್ಣು ಹಿಂಗಾರು ನಿಂತ ಮೇಲೆ ಬಿಸಿಲಿಗೆ, ಒಣಗಾಳಿಗೆ ಮೈಯೊಡ್ಡಿ ಬಿದ್ದಿದ್ದರೆ ಗಟ್ಟಿಯಾಗಿ ಗುದ್ದಲಿಗೂ ಜಗ್ಗುವುದಿಲ್ಲ.

ತೇವ ಆರುವ ಮೊದಲು ಖಾಲಿ ಮಡಿಗೆ ಸೆಣಬು ಎರಚಿಬಿಡು. 10 ಚದರ ಮೀಟರಿಗೆ 40 ಗ್ರಾಂ ಬೀಜ ಸಾಕು. ತಿಂಗಳಾದ ಮೇಲೆ ಒಂದು ಗಿಡ ಕಿತ್ತು ಬೇರಿನ ಗಂಟು ಸೀಳಿ ನೋಡು. ಒಳಗೆ ನಸುಗೆಂಪಿದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ ಅಂತ. 45-50 ದಿನಕ್ಕೆ ಹೂ ಕಾಣಿಸುತ್ತದೆ. ಹಳದಿ ಹೂ ಚೆಂದ ಅಂತ ಬಿಟ್ಟುಕೊಂಡು ಕೂತರೆ ಕೆಟ್ಟೆ! ದಂಟು ನಾರಾಗುತ್ತದೆ, ಹಗ್ಗ ಹೊಸೆಯಲು ಆದೀತು, ಬೇಗ ಕೊಳೆಯುವುದಿಲ್ಲ. ಮೊದಲ ಹೂವಿಗೇ ಕೊಯ್ದು, ಕೊಚ್ಚಿ, ಮಣ್ಣಿಗೆ ಸೇರಿಸಿ ನೀರು ಹಾಯಿಸು. ಚಳಿಗಾಲದಲ್ಲಿ ಮೇಲಿನಿಂದ ಮಳೆ ಬೀಳದು, ಆ ನೀರು ನೀನೇ ಕೊಡಬೇಕು. ಎರಡು ಮೂರು ವಾರ ಕಳೆದ ಮೇಲೆಯೇ ಸಸಿ ನೆಡು.

ಅವರೆ ಇರುವ ಮಡಿಯ ತಂಟೆಗೆ ಹೋಗಬೇಡ. ಸೊಗಡು ಮುಗಿದ ಮೇಲೆ ಬಳ್ಳಿಯನ್ನು ಬುಡಕ್ಕೆ ಕತ್ತರಿಸು, ಬೇರು ಮಣ್ಣಲ್ಲೇ ಇರಲಿ.

ಇನ್ನು ತರಗೆಲೆ. ಬೆಳಗಿನ ಚಳಿಗೆ ಅದಕ್ಕೆ ಬೆಂಕಿ ಹಚ್ಚಿ ಮೈ ಕಾಯಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೀದಿಯ ಹೊಂಗೆ ಎಲೆ ಉದುರಿದಾಗ ಚೀಲ ಹಿಡಿದು ಹೋಗು, ನಾಚಿಕೆ ಬೇಡ. ಮೂರು ನಾಲ್ಕು ಇಂಚು ದಪ್ಪಕ್ಕೆ ಹೊದಿಸು, ಗಿಡದ ಬುಡಕ್ಕೆ ಒತ್ತಬೇಡ. ನೀಲಗಿರಿ ಎಲೆ ಮಾತ್ರ ಬೇಡ.

ಗೊಬ್ಬರ ಅಂತ ಹಸಿ ಸಗಣಿ ಸುರಿಯಬೇಡ, ಗೊಣ್ಣೆಹುಳು ಬರುತ್ತದೆ. ವಾಸನೆ ಹೋಗಿ ಪುಡಿಯಾದ ಕೊಟ್ಟಿಗೆ ಗೊಬ್ಬರ ಚದರ ಮೀಟರಿಗೆ 2ರಿಂದ 3 ಕೆ.ಜಿ. ಕೊಡು. ಅದಕ್ಕೂ ಮೊದಲು ಐದಾರು ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ.ಯಷ್ಟು ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಟ್ಟು ಬಾ. ಹುಳಿ ಮಣ್ಣು ಅಂತ ಬಂದರೆ ಒಲೆ ಬೂದಿ ಒಂದೆರಡು ಹಿಡಿ ಉದುರಿಸಬಹುದು. ಗದಗಿನ ನಿನ್ನ ಅಕ್ಕನಿಗೆ ಮಾತ್ರ ಈ ಬೂದಿಯ ಮಾತು ಹೇಳಬೇಡ, ಅವಳದು ಎರೆ ಮಣ್ಣು, ಅದರಲ್ಲಿ ಸುಣ್ಣದ ಅಂಶ ಮೊದಲೇ ಜಾಸ್ತಿ.