ಭಾವನವರ ಸಿಮೆಂಟು, ನಮ್ಮ ತಾರಸಿ

ಮದ್ರಾಸ್ ತಾರಸಿಯ ಮನೆಯಿರುವವರು ಬೇರೆ ಯಾರ ಮಾತನ್ನಾದರೂ ಕೇಳಿ, ಅದರ ಮೇಲೆ ಸಿಮೆಂಟ್ ಹಾಕಿಸಿ ಅನ್ನುವವರ ಮಾತು ಮಾತ್ರ ಕೇಳಬೇಡಿ. ನಾನು ಬೇಡ ಅಂದಿದ್ದೆ. ಅತ್ತೆಯವರೂ ಬೇಡ ಅಂದಿದ್ದರು. ಆದರೆ ನಮ್ಮ ಭಾವನವರು ಸಿವಿಲ್ ಡಿಪ್ಲೊಮಾ ಮಾಡಿದವರು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ನಾಲ್ಕನೇ ಮಹಡಿಯಲ್ಲಿದ್ದಾರೆ, ಅವರ ತಲೆಯ ಮೇಲೆ ಇನ್ನೂ ಒಂಬತ್ತು ಮನೆಗಳಿವೆ. ತಾರಸಿ ಸೋರುವ ಚಿಂತೆ ಅವರಿಗೆ ಈ ಜನ್ಮದಲ್ಲಿಲ್ಲ.

ಹಲಸೂರಿನ ಸೋಮೇಶ್ವರ ದೇವಸ್ಥಾನದ ಸುತ್ತಲಿನ ಗಲ್ಲಿಗಳಲ್ಲಿ ಇಂಥ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಗೋಡೆಯಿಂದ ಗೋಡೆಗೆ ತೇಗದ ತೊಲೆ, ಅದರ ಮೇಲೆ ತೆಳು ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಓರೆಯಾಗಿ ಕಟ್ಟಿದ ಸಾಲು, ಮೇಲೆ ಸುಣ್ಣ ಮತ್ತು ಇಟ್ಟಿಗೆ ಜಲ್ಲಿಯ ಗಾರೆ, ಕೊನೆಗೆ ಚಪ್ಪಟೆ ಹೆಂಚು. ಕಾಂಕ್ರೀಟಿನ ಹಾಗೆ ಒಳಗೆ ಕಬ್ಬಿಣದ ಸರಳಿಲ್ಲ. ಏಪ್ರಿಲ್‌ನಲ್ಲೂ ನಡುಮನೆಯಲ್ಲಿ ಫ್ಯಾನಿಲ್ಲದೆ ಮಲಗುತ್ತಿದ್ದೆವು, ಹಿಂದೆ ಕಟ್ಟಿಸಿದ ಆರ್‌ಸಿಸಿ ರೂಮಿನಲ್ಲಿ ಮಾತ್ರ ಮಧ್ಯಾಹ್ನ ಕೂರಲಾಗುತ್ತಿರಲಿಲ್ಲ. ಅತ್ತೆಯವರು ಪ್ರತಿ ವರ್ಷ ಯುಗಾದಿಗೆ ಮುಂಚೆ ತಾರಸಿ ಗುಡಿಸಿ, ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರುಸಮೇತ ಕಿತ್ತು, ಬಿರುಕಿಗೆ ಗಾರೆ ತುಂಬಿಸಿ, ಮೇಲೆಲ್ಲ ಸುಣ್ಣ ಬಳಿಸುತ್ತಿದ್ದರು. ಈಗ ಕೂಲ್ ರೂಫ್ ಎಂದು ಡಬ್ಬಿಯಲ್ಲಿ ಮಾರುವ ಬಿಳಿ ಬಣ್ಣವೂ ಮಾಡುವುದು ಅದನ್ನೇ. ಬಿಸಿಲನ್ನು ಬಂದ ದಾರಿಗೇ ಕಳಿಸುತ್ತದೆ.

ಅತ್ತೆಯವರಿಗೆ ಮೊಣಕಾಲು ನೋವು ಹಿಡಿದು ಮೆಟ್ಟಿಲು ಹತ್ತಲಾಗದ ಮೇಲೆ ತಾರಸಿಯ ಯಜಮಾನಿಕೆ ಭಾವನವರ ಕೈಗೆ ಹೋಯಿತು. 2017ರ ಜೋರು ಮಳೆಗೆ ಅಡುಗೆಮನೆ ಕಡೆಯ ಮೂಲೆ ತೇವ ಕಂಡಾಗ ಅವರೇ ನಿಂತು ಸಿಮೆಂಟ್ ತೇಪೆ ಹಾಕಿಸಿದರು. ಸೋರುವುದು ನಿಂತಿತು. ಆ ತೇಪೆಯ ಕಥೆಯನ್ನು ಪ್ರತಿ ಹಬ್ಬದ ಊಟದಲ್ಲೂ ಕೇಳಿದ್ದೇವೆ.

ಅದೇ ಧೈರ್ಯದ ಮೇಲೆ 2024ರ ಬೇಸಿಗೆಯಲ್ಲಿ ಇಡೀ ತಾರಸಿಗೆ ಕೋಬಾ ಹಾಕಿಸಲು ಹೊರಟರು. ಹೆಂಚೆಲ್ಲ ಕಿತ್ತು, ಇಟ್ಟಿಗೆ ಚೂರು ಹರಡಿ, ಸಿಮೆಂಟ್ ಗಾರೆ ಸುರಿದು, ಮೇಲೆ ಕೆಂಪು ನುಣುಪು. ಹಳೇ ತೊಲೆಗಳ ಮೇಲೆ ಅಷ್ಟು ಭಾರ ಬಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಕೋಬಾಕ್ಕೆ ಕಟ್ಟೆ ಕಟ್ಟಿ ವಾರವಾದರೂ ನೀರು ನಿಲ್ಲಿಸಬೇಕು. ಆ ಮಾರ್ಚ್‌ನಲ್ಲಿ ನೀರಿನ ಬರ ಹೇಗಿತ್ತೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ ಐದು ಸಾವಿರ ದಂಡ ಎಂದು ಜಲಮಂಡಳಿಯ ಆದೇಶವಿತ್ತು. ಆದೇಶ ಸರಿಯಾಗಿಯೇ ಇತ್ತು, ಸಂಸ್ಕರಿಸಿದ ನೀರು ತರಿಸಬಹುದಿತ್ತು. ಕಂಟ್ರಾಕ್ಟರಿಗೆ ಆ ಖರ್ಚು ಬೇಡ, ನೆಪ ಮಾತ್ರ ಬೇಕು. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಚಿಮುಕಿಸಿ, "ಗೌರ್ಮೆಂಟ್ ರೂಲ್ಸ್ ಅಮ್ಮಾ" ಅಂದ. ಏಪ್ರಿಲ್ ಕೊನೆಗೆ ಬಿಸಿಲು 38 ಡಿಗ್ರಿ ದಾಟಿದಾಗ ಕೆಂಪು ನುಣುಪಿನ ಮೇಲೆ ಕೂದಲೆಳೆಯ ಬಿರುಕುಗಳು ಎದ್ದವು. ಫೋಟೊ ತೆಗೆದು ಕಳಿಸಿದೆ. ಭಾವನವರು ಹೆಬ್ಬೆರಳು ತೋರಿಸುವ ಚಿತ್ರ ಕಳಿಸಿದರು.

ಜೂನ್ 2, ಭಾನುವಾರ. ಅವತ್ತು ನಗರದಲ್ಲಿ 111 ಮಿಲಿಮೀಟರ್ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆಯೇ ಮುರಿಯಿತು. ಸಂಜೆಗೇ ಕರೆಂಟ್ ಹೋಗಿತ್ತು. ಟ್ರಿನಿಟಿ ಹತ್ತಿರ ಮೆಟ್ರೊ ಹಳಿಯ ಮೇಲೆ ಮರ ಬಿದ್ದು ರೈಲು ಅರ್ಧಕ್ಕೆ ನಿಂತು, ಇವರೂ ಮಗನೂ ಎಂ.ಜಿ. ರಸ್ತೆಯಲ್ಲೇ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ನಾನು, ಅತ್ತೆಯವರು. ಮೊದಲು ಫ್ಯಾನಿನ ಕೊಂಡಿಯಿಂದ ನೀರು ಇಳಿಯಿತು. ಹೋಗಿ ಮೇನ್ ಸ್ವಿಚ್ ತೆಗೆದೆ. ಆಮೇಲೆ ಎರಡು ತೊಲೆಗಳ ನಡುವೆ ಉದ್ದಕ್ಕೂ ಹನಿ. ಪಾತ್ರೆ ಇಟ್ಟೆ, ಪರಾತ ಇಟ್ಟೆ, ಇಡ್ಲಿ ಕುಕ್ಕರ್ ಇಟ್ಟೆ. ಬೀಳುತ್ತಿದ್ದುದು ಕಂದು ನೀರು, ಸುಣ್ಣದ ವಾಸನೆ. ಭಾವನವರಿಗೆ ಫೋನ್ ಮಾಡಿದರೆ, "ಹೊಸ ಕೆಲಸ ಅಲ್ವಾ, ಸೆಟ್ ಆಗೋವರೆಗೆ ಸ್ವಲ್ಪ ಹಾಗೇ, ಬಕೆಟ್ ಇಡಿ" ಅಂದರು.

ಟಾರ್ಚ್ ಮೇಲಕ್ಕೆ ಹಿಡಿದಾಗ ಅಡುಗೆಮನೆ ಮೂಲೆಯಲ್ಲಿ, ಅತ್ತೆಯವರ ಮಂಚದ ನೇರಕ್ಕೆ, ಗಿಲಾಯಿ ಹೊಟ್ಟೆ ಬಿಟ್ಟುಕೊಂಡಿತ್ತು. ನೋಡುತ್ತಿದ್ದಂತೆ ಅದರ ಅಂಚಿನಿಂದ ಪುಡಿ ಉದುರತೊಡಗಿತು. "ಏಳಿ ಅತ್ತೆ" ಅಂದೆ. ಮೊಣಕಾಲಿನವರು, ಏಳುವುದೇನು ಸುಲಭವೇ? ಮಂಚವನ್ನೇ ಅವರ ಸಮೇತ ಎಳೆದೆ. ಎಲ್ಲಿಂದ ಶಕ್ತಿ ಬಂತೋ, ಕಾಲುಗಳು ನೆಲಕ್ಕೆ ಉಜ್ಜಿ ಕಿರ್ರೆಂದವು, ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಹಿಂದೆ ದಬದಬನೆ ಸದ್ದು. ಗಿಲಾಯಿಯ ಜೊತೆ ಒಂದು ಸಾಲು ಇಟ್ಟಿಗೆಯೂ ಬಿದ್ದು, ಒಂದು ಅವರ ದಿಂಬಿದ್ದ ಜಾಗದಲ್ಲೇ ನೆಲದ ಮೇಲೆ ಒಡೆದು ಚೂರಾಗಿತ್ತು. ಅತ್ತೆಯವರು ಅಳಲಿಲ್ಲ. "ದೊಡ್ಡವನಿಗೆ ಫೋನ್ ಹಚ್ಚು, ನಾನು ಮಾತಾಡ್ತೀನಿ" ಅಂದರು. ಮಾತಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಕಂಟ್ರಾಕ್ಟರ್ ಫೋನ್ ಎತ್ತುವುದನ್ನು ಬಿಟ್ಟ. ಭಾವನವರು ಕರೆತಂದ ಎಂಜಿನಿಯರ್ ಒಬ್ಬರು ಮೇಲೆ ಹತ್ತದೆ, ಅಂಗಳದಲ್ಲೇ ನಿಂತು, ಕೆಡವಿ ನಾಲ್ಕು ಫ್ಲೋರ್ ಎತ್ತಿದರೆ ಬಾಡಿಗೆ ಎಷ್ಟು ಬರುತ್ತದೆಂದು ಲೆಕ್ಕ ಹೇಳಿದರು. ಕೊನೆಗೆ ಸುಣ್ಣದ ಕೆಲಸ ಬಲ್ಲ ವಯಸ್ಸಾದ ಮೇಸ್ತ್ರಿ ನಮ್ಮ ಬೀದಿಯ ಹೂವಿನ ಅಂಗಡಿಯವರಿಂದ ಸಿಕ್ಕರು. ಅವರು ಏಣಿ ಹತ್ತಿ, ಬಿದ್ದ ಮೂಲೆಯ ತೊಲೆ ಗೋಡೆಯೊಳಗೆ ಹೋಗುವ ಕಡೆ ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯವರೆಗೂ ಹೋಯಿತು. ಮಿಕ್ಕ ತೊಲೆಗಳಲ್ಲಿ ಅದರ ಮೊನೆಯೂ ಇಳಿಯಲಿಲ್ಲ. 2017ರ ತೇಪೆಯ ಕೆಳಗಿನ ತುದಿ ಅದೊಂದೇ.

ಅವರು ವಿವರಿಸಿದ್ದಿಷ್ಟು. ಸುಣ್ಣದ ಗಾರೆ ತೇವ ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಬಿಸಿಲಿಗೆ ತೊಲೆ ಸ್ವಲ್ಪ ಅಲುಗಿದರೆ ತಾನೂ ಹೊಂದಿಕೊಳ್ಳುತ್ತದೆ. ಸಿಮೆಂಟ್ ಗಡುಸು, ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಮೇಲೆ ಹೋಗಲು ದಾರಿಯಿಲ್ಲ, ತೊಲೆಯ ತುದಿಗೆ ಹೋಗಿ ಕೂರುತ್ತದೆ. ಸೋರಿಕೆ ನಿಂತದ್ದು ನಮ್ಮ ಕಣ್ಣಿಗೆ ಮಾತ್ರ.

ಮಳೆಗಾಲವೆಲ್ಲ ಟಾರ್ಪಾಲಿನ್ ಕಟ್ಟಿಕೊಂಡು ಕಳೆದು, ಚಳಿಗಾಲದಲ್ಲಿ ಕೋಬಾ ಒಡೆಸಿದೆವು. ತೊಲೆ ಬದಲಾಯಿತು. ಗ್ರಂಧಿಗೆ ಅಂಗಡಿಯಿಂದ ಅಳಲೆಕಾಯಿ ತಂದು ಜಜ್ಜಿ, ಬೆಲ್ಲದ ಜೊತೆ ನೆನೆಸಿ, ಆ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕೂತು ಕೊಡತಿಯಲ್ಲಿ ಗಾರೆ ಬಡಿದರು. ಸಿಮೆಂಟ್‌ಗಿಂತ ಖರ್ಚು ಜಾಸ್ತಿ, ಸಮಯ ಇನ್ನೂ ಜಾಸ್ತಿ. ಭಾವನವರ ಪಾಲಿನ ಹಣ ಇನ್ನೂ ಬಂದಿಲ್ಲ. 2025ರ ಮೇ ತಿಂಗಳಲ್ಲಿ ಕೆ.ಆರ್. ಪುರದ ಕಡೆಯೆಲ್ಲ ನೀರು ನಿಂತ ಮಳೆಗೆ ನಮ್ಮ ನಡುಮನೆಯಲ್ಲಿ ಒಂದು ಹನಿ ಬೀಳಲಿಲ್ಲ.

ಆರ್‌ಸಿಸಿ ಮನೆಯವರಿಗೆ ಕೋಬಾ ಬೇಡ ಅನ್ನುತ್ತಿಲ್ಲ. ವಾಟ ಪೈಪಿನ ಕಡೆಗಿರಲಿ, ಎಂಟಡಿಗೆ ಒಂದಿಂಚು ಸಾಕು. ಪೈಪಿನ ಬಾಯಿಯ ಎಲೆಕಸ ಮಳೆಗೆ ಮುಂಚೆ ತೆಗೆಸಿ. ನೀರಿನ ಏರ್ಪಾಡಾಗದೆ ಗಾರೆ ಕಲಸಲು ಬಿಡಬೇಡಿ. ಹಳೇ ತಾರಸಿಯವರಿಗೆ ನನ್ನದೊಂದೇ ಮಾತು: ಏಣಿ ಹತ್ತಿ ತೊಲೆಯ ತುದಿ ಮುಟ್ಟಿ ನೋಡದೆ ರೇಟು ಹೇಳುವವರಿಗೆ ಅಡ್ವಾನ್ಸ್ ಕೊಡಬೇಡಿ, ಅವರು ನಿಮ್ಮ ಭಾವನವರೇ ಕಳಿಸಿದವರಾದರೂ ಸರಿ.