ಜಮಾಖರ್ಚಿನಲ್ಲಿ ಪ್ರವಾಸದ ಪುಟ

ಉದ್ಯೋಗನಿಮಿತ್ತ ದೆಹಲಿಗೆ ಬಂದು ನೆಲೆನಿಂತ ಕನ್ನಡ ಸಂಸಾರಗಳ ಜಮಾಖರ್ಚಿನ ಪುಸ್ತಕವನ್ನು ಯಾರಾದರೂ ಕುತೂಹಲದಿಂದ ತಿರುವಿದರೆ, ‘ಪ್ರಯಾಣ’ ಎಂಬ ಶೀರ್ಷಿಕೆಯ ಕೆಳಗೆ ವರ್ಷವರ್ಷವೂ ದೊಡ್ಡ ಮೊತ್ತವೇ ನಮೂದಾಗಿರುವುದೂ, ಅದರಲ್ಲಿ ದೇಶ ನೋಡಲೆಂದು ವ್ಯಯವಾದುದು ಬಿಡಿಗಾಸೂ ಇಲ್ಲದಿರುವುದೂ ಒಟ್ಟಿಗೇ ಗೋಚರವಾದೀತು. ಕೇಂದ್ರ ಸರ್ಕಾರದ ನೌಕರನಿಗೆ ನಾಲ್ಕು ವರ್ಷಗಳಲ್ಲಿ ಎರಡು ಬಾರಿ ದೊರೆಯುವ ರಜಾ ಪ್ರಯಾಣ ಸೌಲಭ್ಯ, ಅಂದರೆ ಎಲ್‌ಟಿಸಿಯಲ್ಲಿ ಒಂದನ್ನು ಭಾರತದ ಯಾವ ಮೂಲೆಗಾದರೂ ಬಳಸಬಹುದೆಂಬ ನಿಯಮವಿದ್ದರೂ, ಮದುವೆ, ಮುಂಜಿ, ಗೃಹಪ್ರವೇಶ, ಹಿರಿಯರ ಅನಾರೋಗ್ಯ ಎಂದು ನಾವು ಎರಡನ್ನೂ ಊರಿಗೇ ಸಲ್ಲಿಸಿದೆವು. ಅದಕ್ಕಾಗಿ ನನಗೆ ಪಶ್ಚಾತ್ತಾಪವೇನೂ ಇಲ್ಲ. ಆದರೆ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಕಿಟಕಿಯಲ್ಲಿ ಇಟಾರ್ಸಿ, ಮನಮಾಡ್, ಸೊಲ್ಲಾಪುರಗಳನ್ನು ಕಂಠಪಾಠವಾಗುವಷ್ಟು ಕಂಡಿದ್ದ ನಮಗೆ, ಒಂದು ರಾತ್ರಿಯ ದಾರಿಯಷ್ಟೇ ದೂರದ ಹಿಮಾಲಯವು ಕ್ಯಾಲೆಂಡರಿನ ಚಿತ್ರವಾಗಿಯೇ ಉಳಿದಿತ್ತು.

ಮಗಳು ಕೆಲಸಕ್ಕೆಂದು ಬೆಂಗಳೂರಿಗೂ ಮಗ ವ್ಯಾಸಂಗಕ್ಕೆಂದು ಜರ್ಮನಿಗೂ ಹೊರಟುಹೋದ ಮೇಲೆ, ದೆಹಲಿಯ ದ್ವಾರಕಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹಾಲಿನ ಲೆಕ್ಕದಿಂದ ಹಿಡಿದು ವಿದ್ಯುತ್ತಿನ ಬಿಲ್ಲಿನವರೆಗೆ ಎಲ್ಲವೂ ಕುಗ್ಗಿತು. ಹೀಗೆ ಬಿಡುವಾದ ಹಣವನ್ನು ಕೂಡಲೇ ಒಂದು ಹೆಸರಿಗೆ ಕಟ್ಟಿಹಾಕದಿದ್ದರೆ ಅದು ದೊಡ್ಡ ಟೀವಿಯಾಗಿಯೋ ಹೊಸ ಸೋಫಾ ಆಗಿಯೋ ವರ್ಷದೊಳಗೆ ಅಂತರ್ಧಾನವಾಗುವುದನ್ನು ಅಕ್ಕಪಕ್ಕದಲ್ಲಿ ಸಾಕಷ್ಟು ಕಂಡಿದ್ದೇನೆ. ಆದ್ದರಿಂದ ಪ್ರವಾಸಕ್ಕೆಂದೇ ಒಂದು ನಿಧಿ ಮಾಡಿಕೊಂಡೆವು. ನಿವೃತ್ತಿಯಲ್ಲಿ ಬಂದ ಇಡುಗಂಟನ್ನು ಮುಟ್ಟಕೂಡದು, ಅದರ ಬಡ್ಡಿಯಲ್ಲಿ ಒಂದು ಭಾಗದಿಂದಲೇ ತಿರುಗಾಟ ನಡೆಯತಕ್ಕದ್ದು ಎಂಬುದು ನಮ್ಮ ಮನೆಯ ಶಾಸನ. ಅಂಚೆಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇಕಡಾ 8.2ರ ದರದಲ್ಲಿ 15 ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಕೈಸೇರುತ್ತದೆ. ಅದಕ್ಕೆ ಆದಾಯ ತೆರಿಗೆಯುಂಟೆಂಬುದನ್ನು ಮರೆಯಲಾಗದು. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಗಳ ಆರಂಭದಲ್ಲಿ ಬರುವ ಈ ಬಡ್ಡಿಯು ಋತುಮಾನಕ್ಕೂ ಸೊಗಸಾಗಿ ಹೊಂದುತ್ತದೆ: ಅಕ್ಟೋಬರಿನ ಕಂತು ಕೈಸೇರಿದ ಕೆಲವೇ ವಾರಗಳಲ್ಲಿ ದೆಹಲಿಯ ಆಕಾಶ ಹೊಗೆಯಿಂದ ಮುಚ್ಚಿ, ಊರು ಬಿಟ್ಟು ಹೋಗಲು ಬೇರೆ ನೆಪವೇ ಬೇಕಾಗುವುದಿಲ್ಲ.

ಮಕ್ಕಳು ಹೊರಟಾಗ ಹಣಕ್ಕಿಂತ ಹೆಚ್ಚಾಗಿ ಬಿಡುಗಡೆಯಾದುದು ಕಾಲ. ಶಾಲೆಗಳಿಗೆ ರಜೆಯಿರುವ ಮೇ, ಜೂನ್ ತಿಂಗಳುಗಳಲ್ಲಿ ದೆಹಲಿಗೆ ದೆಹಲಿಯೇ ಬೆಟ್ಟ ಹತ್ತುವಾಗ ಕೇಳಿದಷ್ಟು ಬಾಡಿಗೆ ತೆರಬೇಕು. ನವೆಂಬರಿನಲ್ಲಾದರೋ ಹಿಮಾಚಲ ಪ್ರವಾಸೋದ್ಯಮ ನಿಗಮದ ಹೋಟೆಲುಗಳೇ ರಿಯಾಯಿತಿ ಕೊಟ್ಟು ಕರೆಯುತ್ತವೆ. ರೈಲ್ವೆಯಿಂದ ಅಂಥ ಔದಾರ್ಯವನ್ನು ಈಗ ನಿರೀಕ್ಷಿಸುವಂತಿಲ್ಲ. ಅರುವತ್ತು ದಾಟಿದ ಗಂಡಸರಿಗೆ ಶೇಕಡಾ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇಕಡಾ 50 ಇದ್ದ ರಿಯಾಯಿತಿಯು 2020ರ ಮಾರ್ಚಿನಲ್ಲಿ ನಿಂತುಹೋಯಿತು. ಆ ವಯಸ್ಸಿಗೆ ಮುಟ್ಟುವಷ್ಟರಲ್ಲಿ ನಮಗೆ ಉಳಿದದ್ದು ಕೆಳಗಿನ ಬರ್ತಿನ ಕೋಟಾ ಮಾತ್ರ.

ಅಂಥ ಒಂದು ನವೆಂಬರಿನಲ್ಲಿ ಕಾಲ್ಕಾದಿಂದ ಶಿಮ್ಲೆಗೆ, 1903ರಲ್ಲಿ ತೆರೆದ 96 ಕಿಲೋಮೀಟರಿನ ಪುಟ್ಟ ಹಳಿಯ ಮೇಲೆ ಹೋದೆವು. ಒಂದು ಕಿಲೋಮೀಟರಿಗೂ ಉದ್ದವಾದ ಸುರಂಗದ ಪಕ್ಕದ ಬಡೋಗ್ ನಿಲ್ದಾಣದಲ್ಲಿ ಗಾಡಿ ನಿಂತಾಗ, ಬಿಸಿ ಕಟ್ಲೆಟ್ಟನ್ನು ಕಾಗದದ ತಟ್ಟೆಯಲ್ಲಿ ಕೊಂಡು ತಂದ ನನ್ನಾಕೆ, ಸ್ಟೀಲಿನ ಡಬ್ಬಿಯಿಂದ ಚಟ್ನಿಪುಡಿ ತೆಗೆದು ಅದರ ಮೇಲೆ ಧಾರಾಳವಾಗಿ ಉದುರಿಸಿ, ಚಳಿಗೆ ಶಾಲನ್ನು ಕಿವಿಗೆ ಸುತ್ತಿಕೊಂಡು ತಿಂದಳು. ಬೇರೆ ಯಾರ ಬ್ಯಾಗಿನ ಲೆಕ್ಕವನ್ನೂ ಇಡಬೇಕಾಗಿಲ್ಲದ ಆಕೆಯ ಮುಖದ ನಿರಾಳವು ನನಗೆ ದೇವದಾರುಗಳಿಗಿಂತ ಹೊಸದಾಗಿ ಕಂಡಿತು.

ಇಂಥ ನಿಧಿಗೆ ಅಪಾಯ ಬರುವುದು ದುಂದಿನಿಂದಲ್ಲ, ವಾತ್ಸಲ್ಯದಿಂದ. ಬೆಂಗಳೂರಿನಿಂದ “ಅಮ್ಮ, ಒಂದು ವಾರ ಬಂದು ಹೋಗಿ” ಎಂದು ಫೋನು ಬಂತೆಂದರೆ, ಕೈಯಳತೆಯಲ್ಲಿರುವ ಪ್ರವಾಸದ ಹಣದಿಂದಲೇ ವಿಮಾನದ ಟಿಕೆಟ್ಟು ಕೊಳ್ಳುವ ಮನಸ್ಸಾಗುತ್ತದೆ. “ಮಗಳ ಮನೆಗೆ ಹೋಗೋದು ಪ್ರವಾಸ ಅಲ್ಲರೀ, ಅದು ಸಂಸಾರ. ಸಂಸಾರದ ದುಡ್ಡಲ್ಲೇ ಹೋಗೋಣ” ಎಂದು ನನ್ನಾಕೆ ಕೊಟ್ಟ ತೀರ್ಪು, ಹಣಕಾಸಿನ ಸಲಹೆಗಾರರು ಹೇಳುವ ಅನೇಕ ಸೂತ್ರಗಳಿಗಿಂತ ಉಪಯುಕ್ತವೆಂದು ನನ್ನ ಅಭಿಪ್ರಾಯ. ಊರು, ಮಕ್ಕಳು, ತಿರುಗಾಟ ಎಂದು ಮೂರು ಪುಟಗಳು ಈಗ ಬೇರೆಬೇರೆ.

ಜರ್ಮನಿಯ ವಿಷಯದಲ್ಲಿ ಮಾತ್ರ ವ್ಯಾಜ್ಯ ನಡೆದಿದೆ. ಟಿಕೆಟ್ಟೂ ವೀಸಾವೂ ಮಗನ ಮನೆಯಲ್ಲಿ ಕಳೆಯುವ ದಿನಗಳೂ ಸಂಸಾರದ ಪುಟಕ್ಕೆ, ಅಲ್ಲಿಂದ ಮುಂದೆ ರೈನ್ ನದಿಯ ದಡದಲ್ಲಿ ಇಬ್ಬರೇ ಸುತ್ತುವ ಖರ್ಚು ಪ್ರವಾಸದ ಪುಟಕ್ಕೆ ಎಂದು ನಾನು ರಾಜಿಸೂತ್ರ ಮುಂದಿಟ್ಟಿದ್ದೇನೆ. ಮಗನೂ ನಮ್ಮೊಡನೆ ನದಿಯ ಕಡೆ ಹೊರಟರೆ ಅವನ ಪಾಲು ಯಾವ ಪುಟಕ್ಕೆ ಎಂದು ಆಕೆ ಕೇಳುತ್ತಿದ್ದಾಳೆ.